ಫಾರಿನ್ನಿನವರಿಗೆ ಕಟ್ಟಿಸಿದ ಕಕ್ಕಸು

ಆ ದಿನಗಳಲ್ಲಿ ನಾವು ಹುಡುಗಿಯರು ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದೆವು, ಅಷ್ಟೆ. ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ ಗಂಟಲಲ್ಲಿ ಸಿಕ್ಕಿಕೊಂಡರೆ ಒಂದು ಗುಟುಕು. ಹಳೇಬೀಡಿನ ನಮ್ಮ ಹೈಸ್ಕೂಲಿನಲ್ಲಿ ಹುಡುಗರಿಗೆ ಇಡೀ ಹಿಂದಿನ ಗೋಡೆ ಇತ್ತು. ನಮಗೆ ಇದ್ದದ್ದು ಕೆರೆ ಏರಿಯ ಕೆಳಗಿನ ಕಳ್ಳಿ ಬೇಲಿ. ಅಲ್ಲಿಗೆ ಹೋದರೆ ಮೇಲಿಂದ ಕಲ್ಲು ಬೀಳುತ್ತಿತ್ತು, ಕಲ್ಲಿನ ಹಿಂದೆಯೇ ನಗು. ಮನೆಗಳಲ್ಲಿ ಬಚ್ಚಲಾದರೂ ಇತ್ತು. ಆದರೆ ಒಮ್ಮೆ ಬೆಲ್ಲು ಹೊಡೆದ ಮೇಲೆ ಸಂಜೆಯವರೆಗೆ ಮನೆಗೆ ಬಿಡುತ್ತಿರಲಿಲ್ಲ.

ಬಾಲ್ಯದ ಬಗ್ಗೆ ಬರೆಯುವವರು ಹುಣಸೆಹಣ್ಣಿನ ಬಗ್ಗೆ ಬರೆಯುತ್ತಾರೆ. ನಮಗೂ ಇತ್ತು. ಗೇಟಿನ ಹತ್ತಿರ ಒಬ್ಬ ಅಜ್ಜಿ ಉಪ್ಪು ಖಾರ ಹಚ್ಚಿದ ಹುಣಸೆ ಉಂಡೆ ಮಾರುತ್ತಿದ್ದಳು, ಅದರ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ತಿಂದರೆ ಬಾಯಾರಿಕೆ ಆಗುತ್ತದೆಂದು ನಾವು ಕೊಳ್ಳುತ್ತಿರಲಿಲ್ಲ. ಕುಂಟೆಬಿಲ್ಲೆಯೂ ಇತ್ತು. ಆದರೆ ಆಡುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ಮೇಲೆ ಕುಪ್ಪಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಇಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ. ಮಿಕ್ಕದ್ದನ್ನು ನೆನಪಿನಿಂದ ಹೇಳುತ್ತೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನೂ ಸುಮತಿಯೂ ಒಂಬತ್ತನೇ ಕ್ಲಾಸಿನಲ್ಲಿದ್ದೆವು. ಸುಮತಿ ಬಸ್ತಿಹಳ್ಳಿಯ ಜೈನರ ಹುಡುಗಿ. ಅವಳ ಅಪ್ಪ ನಮ್ಮ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಚರಿತ್ರೆಯಲ್ಲಿ ಅವಳನ್ನು ಮೀರಿಸುವವರು ಸ್ಕೂಲಿನಲ್ಲೇ ಇರಲಿಲ್ಲ. ನಮ್ಮ ಚರಿತ್ರೆ ಮೇಷ್ಟ್ರು ರಜೆಯ ದಿನ ದೇವಸ್ಥಾನದ ಹತ್ತಿರ ನಿಂತು, ಬಂದ ಫಾರಿನ್ನಿನವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಒಂದು ದಿನ ಕೆಂಪು ಮುಖದ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಒಬ್ಬಾತ ತಮ್ಮ ಕಡೆ ಸ್ಕೂಲು ಮಕ್ಕಳಿಗೆ ಚರಿತ್ರೆಯ ಸ್ಪರ್ಧೆ ನಡೆಯುತ್ತದೆ, ಬೇರೆ ಬೇರೆ ದೇಶದ ಮಕ್ಕಳು ಬರುತ್ತಾರೆ ಅಂದನಂತೆ. ಮೇಷ್ಟ್ರು, "ನಮ್ಮ ಹಳೇಬೀಡಿನಲ್ಲೂ ಮಾಡಬಹುದಲ್ಲ, ನೀವು ಬರ್ತೀರಾ?" ಎಂದು ಕೇಳಿದರಂತೆ. ಆತ ನಕ್ಕು, "ಯಾಕಾಗಬಾರದು, ಬಹಳ ಒಳ್ಳೆ ಐಡಿಯಾ" ಎಂದು ಕೈಕುಲುಕಿ ಬಸ್ಸು ಹತ್ತಿದನಂತೆ.

ಅಷ್ಟೇ ನಡೆದದ್ದು. ಮಾರನೆಯ ದಿನ ಪ್ರೇಯರ್ ಆದ ಮೇಲೆ ಹೆಡ್ಮಾಷ್ಟ್ರು ನಮ್ಮ ಸ್ಕೂಲಿನಲ್ಲಿ ಅಂತಾರಾಷ್ಟ್ರೀಯ ವಿದ್ಯಾರ್ಥಿ ಚರಿತ್ರೆ ಸ್ಪರ್ಧೆ ನಡೆಯುವುದಾಗಿ ಸಾರಿದರು. ಆತ ಯಾವ ದೇಶದವನೆಂದು ಮೇಷ್ಟ್ರು ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿರಲಿಲ್ಲವೆಂದು ಅವರು ಯಾರಿಗೂ ಹೇಳಲೂ ಇಲ್ಲ.

ಕಮಿಟಿಯಾಯಿತು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ನಮ್ಮೂರಿನ ಸಾಹುಕಾರರು ಅದರ ಅಧ್ಯಕ್ಷರು. ಊಟ, ಶೀಲ್ಡು, ಶಾಮಿಯಾನ ಎಲ್ಲ ಅವರದೇ. ಅವರ ಮಗ ರುದ್ರೇಶ ನಮ್ಮ ಕ್ಲಾಸು. ಕಮಿಟಿ ಸೇರುತ್ತಿದ್ದದ್ದು ನಮ್ಮ ಕ್ಲಾಸಿನ ಹೊರಗಿನ ಜಗಲಿಯ ಮೇಲೆ. ಪಾಠ ನಿಲ್ಲುತ್ತಿತ್ತು, ನಾವು ಕಿಟಕಿಯಿಂದ ಕೇಳುತ್ತಿದ್ದೆವು.

"ಉಪ್ಪಿಟ್ಟಿಗೆ ಮೆಣಸಿನಕಾಯಿ ಬ್ಯಾಡ್ರಿ, ಸತ್ತೋದಾರು."

"ಎಲೆ ಮ್ಯಾಲೆ ಉಣ್ತಾರಾ?"

"ಉಣ್ಣೋದು ಆಮ್ಯಾಕಾಗ್ಲಿ. ಹೋಗೋದೆಲ್ಲಿ, ಅದು ಹೇಳಿ. ಹುಡುಗೀರೂ ಬತ್ತಾರೆ. ಕಳ್ಳಿ ಬೇಲಿ ತೋರ್ಸೋಕಾಯ್ತದಾ? ಇಡೀ ಪ್ರಪಂಚದಾಗೆ ಮಾನ ಹೋಯ್ತದೆ."

ನಾವು ಒಳಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಳ್ಳಿ ಬೇಲಿಯಲ್ಲಿ ಮಾನ ಹೋಗುತ್ತದೆ ಎಂಬುದು ಕಮಿಟಿಗೆ ಗೊತ್ತಿದೆಯೆಂದು ನಮಗೆ ಆವತ್ತೇ ಗೊತ್ತಾದದ್ದು.

ಹೀಗೆ ಕಕ್ಕಸು ಬಂತು. ಸ್ಕೂಲಿನ ಪಕ್ಕದ ಖಾಲಿ ಜಾಗದಲ್ಲಿ ಇಟ್ಟಿಗೆ ಗೋಡೆ, ಸಿಮೆಂಟು ನೆಲ, ನೀಲಿ ಬಣ್ಣದ ಮರದ ಬಾಗಿಲು. ಫಾರಿನ್ನಿನವರು ಕುರ್ಚಿಯ ಮೇಲೆ ಕೂತಂತೆ ಕೂರುತ್ತಾರಂತೆ ಎಂದು ಅರಸೀಕೆರೆಯಿಂದ ಬಿಳಿ ಕಮೋಡನ್ನು ಹುಲ್ಲಿನಲ್ಲಿ ಸುತ್ತಿ ಲಾರಿಯಲ್ಲಿ ತಂದರು. ಹುಡುಗರು ಕೊಡದಲ್ಲಿ ನೀರು ಹೊತ್ತು ಡ್ರಮ್ಮು ತುಂಬಿದರು. ಬಾಗಿಲಿಗೆ ಅಡ್ಡಲಾಗಿ ಒಂದು ಕೆಂಪು ಟೇಪು ಕಟ್ಟಿದರು. ಬರುವ ತಂಡದ ಮುಖಂಡರು ಅದನ್ನು ಕತ್ತರಿಸಿ ಉದ್ಘಾಟಿಸಬೇಕು. ನಮ್ಮ ಕಡೆ ಹಾಗೆಯೇ. ಬಾವಿಯಾಗಲಿ ಬಸ್ ಸ್ಟಾಪಾಗಲಿ, ಟೇಪು ಕತ್ತರಿಸುವವರೆಗೆ ಅದು ಇದ್ದೂ ಇಲ್ಲದ ಹಾಗೆ. ಹೊಸ ಸುಣ್ಣದ ವಾಸನೆ ಕ್ಲಾಸಿನವರೆಗೆ ಬರುತ್ತಿತ್ತು. ನಾವು ಅದನ್ನು ಮೂಸುತ್ತ ಕೂತಿರುತ್ತಿದ್ದೆವು.

ಸುಮತಿ ಆ ಬೇಸಿಗೆಯಲ್ಲಿ ದೊಡ್ಡವಳಾಗಿದ್ದಳು. ಕೆರೆ ಏರಿ ಹಿಂದೆಲ್ಲ ಅಲೆಯುವುದಾದರೆ ಓದಿದ್ದು ಸಾಕು ಎಂದು ಅವಳಪ್ಪ ಹೇಳಿಬಿಟ್ಟಿದ್ದರು. ಈ ವರ್ಷವೇ ಕೊನೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಒಂದು ಮಧ್ಯಾಹ್ನ ನೇರವಾಗಿ ಚರಿತ್ರೆ ಮೇಷ್ಟ್ರ ಮುಂದೆ ಹೋಗಿ ನಿಂತಳು. ನನ್ನ ಕೈ ಹಿಡಿದುಕೊಂಡಿದ್ದಳು.

"ಸಾರ್, ಅವ್ರೆಲ್ಲಾ ಹೋದ್ಮೇಲೆ ಅದು ಯಾರಿಗೆ ಸಾರ್?"

"ಯಾವ್ದು?"

ಅವಳು ಕಿಟಕಿಯ ಕಡೆ ನೋಡಿದಳು.

ಮೇಷ್ಟ್ರು ನಕ್ಕರು. "ಓ, ಅದಾ! ಸರಿಯಾಗಿ ಪ್ರಾಕ್ಟೀಸ್ ಮಾಡಿಸ್ಕೊಡಿ, ಆಮೇಲೆ ಹೆಣ್ಮಕ್ಳಿಗೇ ಬಿಡ್ಸಿ ಕೊಡ್ತೀನಿ. ಹೆಡ್ಮಾಷ್ಟ್ರ ಹತ್ರ ನಾನೇ ಮಾತಾಡ್ತೀನಿ."

ಸುಮತಿ ಅದನ್ನು ಆ ಸಂಜೆಯೇ ಅಪ್ಪನಿಗೆ ಹೇಳಿದಳು. ಅವರು, "ಅದೊಂದು ಆದ್ರೆ ಎಸ್ಸೆಸ್ಸೆಲ್ಸಿ ಮುಗ್ಸು" ಅಂದರಂತೆ. ಅಂದರೆ ಅವಳ ಓದು ಆ ನೀಲಿ ಬಾಗಿಲಿಗೆ ನೇತುಬಿದ್ದಿತ್ತು.

ಪ್ರಾಕ್ಟೀಸ್ ಎಂದರೆ ಇದು. ನಮ್ಮ ದೇಶದ ತಂಡ ರುದ್ರೇಶ ಮತ್ತು ಇನ್ನಿಬ್ಬರು ಹುಡುಗರು. ಅವರು ಗೆಲ್ಲುವುದನ್ನು ಅಭ್ಯಾಸ ಮಾಡಬೇಕಾದರೆ ಎದುರಿಗೆ ಸೋಲುವವರು ಬೇಕಲ್ಲ? ಅದಕ್ಕೆ ನಾನೂ ಸುಮತಿಯೂ ಫಾರಿನ್. ಸುಮತಿ ಬೆಳ್ಳಗಿದ್ದಳು, "ಇವ್ಳಿಗೆ ಪೌಡರೂ ಬ್ಯಾಡ" ಎಂದರು. ನನಗೆ ಮುಖ, ಕತ್ತು, ಮೊಣಕೈವರೆಗೆ ಪೌಡರು ಬಳಿದರು. ಬೆವರಿಗೆ ಅದು ಗೆರೆಗೆರೆಯಾಗಿ ಇಳಿಯುತ್ತಿತ್ತು, ಹುಡುಗರು "ಬೇಲೂರು ಬಸ್ಸಿನ ಧೂಳು ಕಣ್ಲಾ" ಎನ್ನುತ್ತಿದ್ದರು. ಯಾವ ಪ್ರಶ್ನೆ ಕೇಳಿದರೂ ನಾವಿಬ್ಬರೂ ಎದ್ದುನಿಂತು ತಲೆಯಾಡಿಸಿ, "ಐ ಡೋಂಟ್ ನೋ" ಎನ್ನಬೇಕು. ಆಗ ರುದ್ರೇಶ ಗಂಟೆ ಬಾರಿಸಿ ಉತ್ತರ ಹೇಳುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಒಂದು ದಿನ ಮೇಷ್ಟ್ರು ಕೇಳಿದರು: "ಕಂಬದಾಗೆ ಮುಖ ಕಾಣೋದು ಎಲ್ಲಿ?"

ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ ಅದು. ಕಪ್ಪು ಕಲ್ಲಿನ ಕಂಬಗಳು ಕನ್ನಡಿಯಂತೆ ನುಣುಪು. ಸುಮತಿಯ ಮನೆಯ ಬಾಗಿಲಲ್ಲಿ ನಿಂತರೆ ಬಸದಿ ಕಾಣುತ್ತದೆ. ಅವಳು ಎದ್ದು ಉತ್ತರ ಹೇಳಿಬಿಟ್ಟಳು. ಪೂರ್ತಿ, ನಿಲ್ಲಿಸದೆ, ತೀರ್ಥಂಕರರ ವಿಗ್ರಹದ ಎತ್ತರದವರೆಗೆ. ರುದ್ರೇಶನ ಕೈ ಗಂಟೆಯ ಮೇಲೇ ಉಳಿಯಿತು.

ಮೇಷ್ಟ್ರು ಬಂದು ಅವಳ ಕಿವಿ ಹಿಡಿದು ತಿರುಚಿದರು. "ನೀನು ಫಾರಿನ್ ಕಣಮ್ಮ. ನಿಂಗೆ ಹೆಂಗೆ ಗೊತ್ತಾಗುತ್ತೆ?"

"ನಮ್ಮನೆ ಮುಂದೇನೇ ಸಾರ್..."

"ಫಾರಿನ್ನಿಗೆ ಮನೆ ಎಲ್ಲೈತೆ ಇಲ್ಲಿ? ಹೇಳು, ಏನು ಹೇಳ್ಬೇಕು?"

"ಐ ಡೋಂಟ್ ನೋ."

"ಜೋರಾಗಿ!"

ಅವಳು ಜೋರಾಗಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ರುದ್ರೇಶ ಗಂಟೆ ಬಾರಿಸಿ, "ಬೇಲೂರು" ಎಂದ. ಅದಕ್ಕೂ ಚಪ್ಪಾಳೆ.

ಆ ಸಂಜೆ ನಾವಿಬ್ಬರೂ ಬಸದಿಗೆ ಹೋಗಿ ಕಂಬದಲ್ಲಿ ನಮ್ಮ ಮುಖ ನೋಡಿಕೊಂಡೆವು. ಪೌಡರಿನ ನನ್ನ ಮುಖ ಕಪ್ಪು ಕಲ್ಲಿನಲ್ಲಿ ಉದ್ದವಾಗಿ, ಸೊಟ್ಟಗೆ ಕಂಡಿತು ಎಂದು ಹಿಂದೆ ಒಂದು ಕಡೆ ಬರೆದಿದ್ದೇನೆ. ಈಗ ಅನುಮಾನ. ಪೌಡರು ಬಳಿದ ಮುಖದಲ್ಲಿ ನನ್ನನ್ನು ಊರಿನ ಬೀದಿಯಲ್ಲಿ ನಡೆಯಲು ಅಮ್ಮ ಬಿಡುತ್ತಿದ್ದಳೇ? ಬಹುಶಃ ಬರಹದಲ್ಲಿ ಚೆನ್ನಾಗಿ ಕಾಣುತ್ತದೆಂದು ಬಸದಿಗೆ ಹೋದೆವು ಅಂತ ಸೇರಿಸಿಕೊಂಡಿರಬೇಕು. ಕಿವಿ ತಿರುಚಿದ್ದು ಮಾತ್ರ ನಿಜ. ಆಮೇಲೆ ಸುಮತಿ ಒಂದು ಸಲವೂ ತಪ್ಪಲಿಲ್ಲ. ಎಲ್ಲಕ್ಕೂ "ಐ ಡೋಂಟ್ ನೋ." ಅಷ್ಟು ಚೆನ್ನಾಗಿ ಸೋತಳು.

ಸಾಹುಕಾರರು ಪೂರ್ತಿ ಏರ್ಪಾಡು ನೋಡಲು ಅರಸೀಕೆರೆಯಿಂದ ಜೀಪಿನಲ್ಲಿ ಬರುವ ದಿನ ಬಂತು. ಬೆಳಿಗ್ಗೆಯಿಂದ ನಮ್ಮನ್ನು ಕುರ್ಚಿಗಳ ಮೇಲೆ ಕೂರಿಸಿದ್ದರು. ಏಳುವಂತಿಲ್ಲ, ಯಾವಾಗ ಬೇಕಾದರೂ ಜೀಪು ಬರಬಹುದು. ನಾನು ಕಿರುಬೆರಳು ಎತ್ತಿದೆ. ಮೇಷ್ಟ್ರು ಕಣ್ಣುಬಿಟ್ಟರು, ಇಳಿಸಿದೆ. ಸುಮತಿ ಎರಡೂ ಕಾಲು ಬಿಗಿಯಾಗಿ ಹೆಣೆದುಕೊಂಡಿದ್ದಳು. ಜೀಪು ಬಂದದ್ದು ಮಧ್ಯಾಹ್ನ ಕಳೆದ ಮೇಲೆ.

ಸ್ಪರ್ಧೆ ನಡೆಯಿತು. ನಾವು ಸೋತೆವು. ಸಾಹುಕಾರರಿಗೆ ಸಂತೋಷವಾಯಿತು. ಆಮೇಲೆ ಎಲ್ಲರೂ ಕಕ್ಕಸಿನ ಮುಂದೆ ಬಂದು ನಿಂತರು: ಕಮಿಟಿ, ಮೇಷ್ಟ್ರುಗಳು, ಮೂರೂ ಕ್ಲಾಸಿನ ಹುಡುಗರು. ಮೇಷ್ಟ್ರು ಬೀಗ ತೆಗೆದು ಟೇಪನ್ನು ಒಂದು ಕೈಯಲ್ಲಿ ಮೇಲೆ ಎತ್ತಿ ಹಿಡಿದರು.

"ಸುಮತಿ, ಬಾ ಇಲ್ಲಿ. ಬಗ್ಗಿ ಒಳಕ್ಕೆ ಹೋಗು. ಬಾಗ್ಲು ಹಾಕ್ಕೊಂಡು ಆಮೇಲೆ ಆಚೆಗೆ ಬಾ. ಫಾರಿನ್ ಮಕ್ಳು ಹೆಂಗೆ ಹೋಗಿ ಬತ್ತಾರೆ ಅಂತ ಸಾಹುಕಾರ್ರು ನೋಡ್ಲಿ."

ಅವಳು ಬಗ್ಗಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು. ನಾವು ಕಾದೆವು. ನಾನು, ಆಮೇಲೆ ನನ್ನನ್ನೂ ಕಳಿಸಬಹುದು ಎಂದು ಹಲ್ಲು ಕಚ್ಚಿ ಕಾದೆ.

ಒಳಗಿನಿಂದ ಸದ್ದು ಬಂತು. ತಡೆದು ತಡೆದು ಆಮೇಲೆ ತಡೆಯಲಾರದ ಸದ್ದು. ತಗಡಿನ ಸೂರಿನ ಕೆಳಗೆ ಅದು ಎಲ್ಲರಿಗೂ ಕೇಳಿಸಿತು.

"ಏನ್ಲಾ, ಫಾರಿನ್ ಮಳೆ ಬಂತು ಕಣ್ಲಾ!" ಎಂದ ರುದ್ರೇಶ.

ಹುಡುಗರು ಬಿದ್ದು ಬಿದ್ದು ನಕ್ಕರು. ಒಬ್ಬಿಬ್ಬರು ಮೇಷ್ಟ್ರುಗಳೂ ಕರ್ಚೀಫು ಬಾಯಿಗೆ ಇಟ್ಟುಕೊಂಡರು. ಸಾಹುಕಾರರು ಮಾತ್ರ ನಗಲಿಲ್ಲ. "ಏನ್ರೀ ಇದು? ಟೇಪೇ ಕಟ್ಟಾಗಿಲ್ಲ! ಹೊರಗಿನವ್ರು ಬರೋಕ್ ಮುಂಚೆ ಎಂಜಲು ಮಾಡ್ಸಿ ಕೂರ್ಸಿದ್ರಲ್ಲ."

ಡ್ರಮ್ಮಿನಿಂದ ಚೊಂಬಿನಲ್ಲಿ ನೀರು ಹೊಯ್ದದ್ದು ಕೇಳಿಸಿತು. ಒಂದು ಸಲ, ಇನ್ನೊಂದು ಸಲ. ಬಾಗಿಲು ತೆರೆಯಿತು. ಅವಳ ಮುಖ ಹಗುರವಾಗಿತ್ತು. ಅಷ್ಟೊಂದು ನೆಮ್ಮದಿಯ ಮುಖವನ್ನು ನಾನು ಸ್ಕೂಲಿನಲ್ಲಿ ಅದುವರೆಗೆ ನೋಡಿರಲಿಲ್ಲ.

"ಯಾರೇ ನಿಂಗೆ ಹೇಳಿದ್ದು?" ಎಂದರು ಮೇಷ್ಟ್ರು.

"ನೀವೇ ಸಾರ್ ಹೋಗು ಅಂದಿದ್ದು." ಆಮೇಲೆ ನಿಜವಾಗಿಯೂ ಗೊತ್ತಾಗದವಳ ಹಾಗೆ ಕೇಳಿದಳು, "ನಾನು ಫಾರಿನ್ ಅಲ್ವಾ ಸಾರ್?"

ಕೆನ್ನೆಗೆ ಬಿತ್ತು. ಬಳೆ ಒಡೆಯುವಷ್ಟು ಜೋರಾಗಿ ಕೈ ಹಿಡಿದು ಎಳೆದು, ಅವಳ ಕೈಗೆ ಪೊರಕೆ ಕೊಟ್ಟರು. ಎಲ್ಲರೂ ನೋಡುತ್ತಿರುವಂತೆ ಅವಳು ಕಮೋಡು ತೊಳೆದಳು, ನೆಲ ತೊಳೆದಳು. "ಇನ್ನೊಂದ್ಸಲ" ಎಂದರು, ಇನ್ನೊಂದು ಸಲ ತೊಳೆದಳು. ಅಷ್ಟರಲ್ಲಿ ಯಾರೋ ಅಂಗಡಿಗೆ ಓಡಿ ಅವಳ ಅಪ್ಪನನ್ನು ಕರೆತಂದಿದ್ದರು. ಬಟ್ಟೆ ಅಳೆಯುವ ಮೊಳಕೋಲು ಅವರ ಕೈಯಲ್ಲೇ ಇತ್ತು. ಸಾಹುಕಾರರ ಮನೆಯ ಮದುವೆಗೆ ಬಟ್ಟೆ ಕೊಡುತ್ತಿದ್ದವರು ಅವರು. ಮಗಳ ಕಡೆ ನೋಡದೆ ಸಾಹುಕಾರರಿಗೆ ಕೈ ಮುಗಿದರು.

"ತಪ್ಪಾಯ್ತು ಸಾಹುಕಾರ್ರೇ. ನಾಳೆಯಿಂದ ಕಳ್ಸಲ್ಲ."

"ಹಂಗೇನಿಲ್ಲ, ಓದೋ ಹುಡುಗಿ..." ಎಂದು ಹೆಡ್ಮಾಷ್ಟ್ರು ಶುರುಮಾಡಿ, ಸಾಹುಕಾರರ ಮುಖ ನೋಡಿ ನಿಲ್ಲಿಸಿದರು.

ಸುಮತಿ ಒದ್ದೆ ಲಂಗದಲ್ಲಿ ಅಪ್ಪನ ಹಿಂದೆ ನಡೆದಳು. ಹುಡುಗರು ಗೇಟಿನವರೆಗೆ "ಫಾರಿನ್ ಮಳೆ, ಫಾರಿನ್ ಮಳೆ" ಎಂದು ಕೂಗುತ್ತಾ ಹೋದರು. ಮೇಷ್ಟ್ರು ಬಾಗಿಲಿಗೆ ಬೀಗ ಹಾಕಿ, ಟೇಪನ್ನು ಎಳೆದು ಸರಿಮಾಡಿದರು. ನಾನು ಮನೆಯವರೆಗೂ ಹೇಗೆ ನಡೆದೆನೋ ನನಗೆ ಗೊತ್ತು. ನಡುದಾರಿಯಲ್ಲಿ ಏನಾಯಿತೆಂಬುದೂ ಗೊತ್ತು. ನನ್ನ ಒದ್ದೆ ಲಂಗವನ್ನು ಅಮ್ಮ ಹೊರತು ಯಾರೂ ನೋಡಲಿಲ್ಲ.

ಫಾರಿನ್ನಿನವರು ಬರಲಿಲ್ಲ. ಯಾರಾದರೂ ಬರುತ್ತಾರೆಂದು ಕಾದೆವು, ಆಮೇಲೆ ಕಾಯುವುದನ್ನು ಮರೆತೆವು. ಶಾಮಿಯಾನದವನು ಬೊಂಬು ಬಿಚ್ಚಿಕೊಂಡು ಹೋದ. ಕಕ್ಕಸು ಹಾಗೆಯೇ ಇತ್ತು. ಉದ್ಘಾಟನೆ ಆಗಿಲ್ಲವಲ್ಲ, ಯಾರಿಗೆ ಬಿಡುವುದು? ಒಂದು ಸಲ ಹುಡುಗಿಯರೆಲ್ಲ ಸೇರಿ ಚರಿತ್ರೆ ಮೇಷ್ಟ್ರನ್ನು ಕೇಳಿದೆವು. "ಒಬ್ಳು ಮಾಡಿದ್ದು ಸಾಲ್ದಾ?" ಎಂದರು. ಆಮೇಲೆ ಅದರೊಳಗೆ ಮುರಿದ ಬೆಂಚು, ಹಾಕಿ ಸ್ಟಿಕ್ಕು, ಯಾರೂ ಗೆಲ್ಲದ ಶೀಲ್ಡು ತುಂಬಿದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಡುವಾಗಲೂ ಟೇಪು ಅಲ್ಲೇ ಇತ್ತು, ಬಿಸಿಲಿಗೆ ಬಣ್ಣ ಹೋಗಿ ಬಿಳಿಯಾಗಿತ್ತು. ನಾನಂತೂ ಕೊನೆಯವರೆಗೂ ಕಳ್ಳಿ ಬೇಲಿಗೇ ಹೋದವಳು.

ಬಹಳ ವರ್ಷಗಳ ಮೇಲೆ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಸುಮತಿ ಸಿಕ್ಕಿದಳು. ದಪ್ಪಗಾಗಿದ್ದಳು. ಜೊತೆಗೆ ಹೈಸ್ಕೂಲು ವಯಸ್ಸಿನ ಮಗಳು. "ಗಿರಿಜಾ ಅಲ್ವೇನೇ?" ಎಂದು ಅವಳೇ ಗುರುತು ಹಿಡಿದಳು. ಮದುವೆ, ಮಕ್ಕಳು, ಸಕ್ಕರೆ ಕಾಯಿಲೆ ಎಲ್ಲ ಮಾತಾಡಿದೆವು. ಕೊನೆಗೆ ನಾನೇ ಆ ದಿನದ ಮಾತು ತೆಗೆದೆ. ಪೊರಕೆಯನ್ನೋ ಕೆನ್ನೆಯ ಏಟನ್ನೋ ಹೇಳುತ್ತಾಳೆ ಎಂದುಕೊಂಡಿದ್ದೆ.

"ಒಳಗೆ ಎಷ್ಟು ತಣ್ಣಗಿತ್ತು ಗೊತ್ತೇನೇ," ಎಂದಳು. "ಚಿಲಕ ಒಳಗಡೆಯಿಂದ ಹಾಕ್ಕೋಬೌದಿತ್ತು ಕಣೇ. ನಮ್ಮತ್ತೆ ಮನೇಲಿ ಬಚ್ಚಲಿಗೂ ಚಿಲಕ ಇರ್ಲಿಲ್ಲ."

"ಕಂಬದಲ್ಲಿ ಮುಖ ಕಾಣೋದು ಎಲ್ಲಿ, ಹೇಳು ನೋಡಾಣ," ಎಂದು ನಾನು ತಮಾಷೆಗೆ ಕೇಳಿದೆ.

ಅವಳು ನೆಟ್ಟಗೆ ನಿಂತು, ತಲೆಯಾಡಿಸಿ, ಥೇಟ್ ಆವತ್ತಿನ ಹಾಗೆಯೇ, "ಐ ಡೋಂಟ್ ನೋ" ಎಂದು ಗಟ್ಟಿಯಾಗಿ ನಕ್ಕಳು. ಮಗಳು ಅಚ್ಚರಿಯಿಂದ ನೋಡಿದಳು; ಅಮ್ಮನಿಗೆ ಇಂಗ್ಲಿಷು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇನೋ.

ಇಂಥ ಬರಹದ ಕೊನೆಯಲ್ಲಿ ಕಳೆದುಹೋದದ್ದನ್ನು ಹೇಳಿ ನಿಟ್ಟುಸಿರು ಬಿಡಬೇಕು. ನನಗೆ ಆ ಹುಣಸೆ ಉಂಡೆ ಬೇಡ, ಆ ಸ್ಕೂಲು ಬೇಡ, ಆ ದಿನಗಳು ಯಾವುವೂ ಬೇಡ. ಎದ್ದುನಿಂತು ಬಸದಿಯ ಬಗ್ಗೆ ನಿಲ್ಲಿಸದೆ ಹೇಳಿದ ಹುಡುಗಿ ಎಲ್ಲಿ ಹೋದಳು ಎಂದು ಮಾತ್ರ ಹುಡುಕುತ್ತೇನೆ. ಸುಮತಿ ನನ್ನ ಮುಂದೆಯೇ ನಿಂತಿದ್ದಳು, ಅಲ್ಲಿ ಆ ಹುಡುಗಿ ಇರಲಿಲ್ಲ.

ಬಸ್ಸು ಬಂತು. ಮಗಳು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಬಾಯಿಗೆ ಇಟ್ಟಿದ್ದಳು. ಸುಮತಿ ಕೈ ಚಾಚಿ ಅದನ್ನು ಕಿತ್ತುಕೊಂಡು ಮುಚ್ಚಳ ಬಿಗಿದಳು.

"ಸಾಕು. ಹೆಣ್ಮಕ್ಳು ಅಷ್ಟೊಂದು ಕುಡೀಬಾರ್ದು. ಬಸ್ಸು ಎಲ್ಲೂ ನಿಲ್ಸಲ್ಲ."