ಗೊಂಬೆಗೆ ಅತ್ತವಳು

ನಮ್ಮ ದೊಡ್ಡವ್ವನ ದನಿ ಕಟ್ಟಿಸಿದವಳು ನಾನು. ವಯಸ್ಸಲ್ಲ, ಗಂಟಲ ಬೇನೆಯಲ್ಲ, ಊರವರು ಆಡಿಕೊಂಡಂತೆ ಅವಳ ಕಲ್ಲು ಮನಸ್ಸೂ ಅಲ್ಲ — ನಾನು. ಮೂರು ಮಾತಿನಲ್ಲಿ ಕಟ್ಟಿಸಿದೆ. ಸಿಟ್ಟಿನ ಭರದಲ್ಲಿ ಆಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಮೊದಲು ಕುತೂಹಲವಿತ್ತು, ಆಮೇಲೆ ನಾಚಿಕೆ ಬಂತು, ಅಷ್ಟೆ.

ದೊಡ್ಡವ್ವ ಅಂದರೆ ನೀಲವ್ವ, ಅಪ್ಪನ ಅಣ್ಣನ ಹೆಂಡತಿ. ಹುಣಸಗಿ ಹತ್ತಿರದ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ಮೈದುನನಿಗೆ ಎಣ್ಣೆ ಹಚ್ಚಿ ಎರೆದು ಬೆಳೆಸಿದವಳು ಅವಳೇ. ಗಂಡ ಬೇಗ ಹೋದ. ನನ್ನ ಅವ್ವನೂ ನನ್ನ ನೆನಪು ಮೂಡುವ ಮೊದಲೇ ಹೋದಳು. ತನ್ನ ಮಗ ಮಲ್ಲಣ್ಣನ ಜೊತೆ ನನ್ನನ್ನೂ ಮಡಿಲಿಗೆ ಹಾಕಿಕೊಂಡವಳು, ಇವನು ನನ್ನವ, ಇವಳು ಅವಳ ಮಗಳು ಎಂದು ಒಂದು ದಿನವೂ ಬೇರೆ ಮಾಡಲಿಲ್ಲ.

ಅವಳು ಅಳುವುದಕ್ಕೆ ಹೆಸರಾಗಿದ್ದಳು — ನಗಬೇಡಿ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರನ್ನು ನಂಟು ಹಿಡಿದು ಕೂಗಿ, ಅವರು ಮಾಡಿದ ಒಳ್ಳೆಯದನ್ನು ಒಂದೊಂದಾಗಿ ಹೇಳುತ್ತಾರೆ. ದೊಡ್ಡವ್ವನಂತೆ ಹೇಳುವವರು ಯಾರೂ ಇರಲಿಲ್ಲ. ಬೋನಾಳದಿಂದ ಬಂಡಿ ಕಳಿಸಿ ಕರೆಸಿಕೊಂಡದ್ದೂ ಉಂಟು. ಸಣ್ಣವಳಿದ್ದಾಗ ನಾನೊಮ್ಮೆ ಕೇಳಿದ್ದೆ, "ದೊಡ್ಡವ್ವ, ಸತ್ತವರಿಗೆ ಅದು ಕೇಳಸ್ತೈತೇನು?"

"ಅವರಿಗೆ ಕೇಳಸಲಿ, ಬಿಡಲಿ. ಇದ್ದವರಿಗೆ ಕೇಳಸಬೇಕಲ್ಲವಾ — ಇವ ನಮ್ಮಾವ, ಹೊರಗಿನಾವ ಅಲ್ಲ ಅಂತ" ಎಂದಿದ್ದಳು. ಈ ಮಾತು ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು.

ನಮ್ಮ ಹೊಲಕ್ಕೆ ಕಾಲುವೆ ನೀರು ಬಂದದ್ದು ಹೇಳದೆ ಕೇಳದೆ. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಕಾದು ಕಾದು ಅಪ್ಪ ಆಸೆ ಬಿಟ್ಟಿದ್ದ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬದುವಿನ ಗುಂಟ ನೀರು! ಧೋತರ ಎತ್ತಿ ಕಟ್ಟಿ, ಕೆಸರಿನಲ್ಲಿ ನಿಂತು ನಗುತ್ತಿದ್ದ ಅಪ್ಪ, "ಸುಖ ಅಂದ್ರ ಹಿಂಗ ಬರಬೇಕ ನೋಡು" ಎಂದ. ಅಂದಿನಿಂದ ಅವನಿಗೆ ಅದೊಂದು ಚಟವೇ ಆಯಿತು. ಸೀರೆ ತಂದರೂ ಜೋಳದ ಚೀಲದಲ್ಲಿ ಬಚ್ಚಿಡುತ್ತಿದ್ದ, ಯಾರಾದರೂ ಕೈ ಹಾಕಿ ಬೆಚ್ಚಿಬೀಳಲಿ ಎಂದು.

ಮಲ್ಲಣ್ಣ ಬಡಗಿತನ ಕಲಿತು ಹೈದರಾಬಾದಿಗೆ ಹೋಗಿದ್ದ. ಊರಿಗೆ ಬಂದು ಬಹಳ ದಿನಗಳಾಗಿದ್ದವು. ಅಲ್ಲೊಂದು ಸಿನೆಮಾ ಸ್ಟುಡಿಯೋದಲ್ಲಿ ಸೆಟ್ ಕಟ್ಟುವ ಕೆಲಸ ಸಿಕ್ಕಿತೆಂದು ಅಪ್ಪನಿಗೆ ಫೋನು ಮಾಡಿ, "ಕಾಕಾ, ಎಲ್ಲಾರೂ ಬರ್ರಿ, ಒಳಗೆಲ್ಲಾ ತೋರಸ್ತೀನಿ" ಎಂದನಂತೆ. ಭತ್ತದ ಮೊದಲ ಸುಗ್ಗಿ ಮನೆಗೆ ಬಂದಿತ್ತು. ಹೋಗುವುದೇ ಸೈ ಎಂದ ಅಪ್ಪ — ಆದರೆ ವೈನಿಗೆ, ಅಂದರೆ ದೊಡ್ಡವ್ವನಿಗೆ, ಹೇಳಬಾರದು, ಹೋದಲ್ಲಿ ಮಗ ತಟ್ಟನೆ ಎದುರಿಗೆ ಬಂದು ನಿಲ್ಲಬೇಕು. ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ. ಆಗ ನಾನು ಸುರಪುರದ ಕಾಲೇಜಿಗೆ ಹೋಗುತ್ತಿದ್ದೆ.

"ವೈನಿ, ನಾಳಿ ಒಂದ್ ಕಡಿ ಹೋಗೋದೈತಿ. ಎಲ್ಲಿಗಂತ ಕೇಳಬ್ಯಾಡ."

ಅಪ್ಪ ಹೀಗೆಂದ ಕೂಡಲೇ ದೊಡ್ಡವ್ವ ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಯಾಕೆಂದರೆ — ಅಪ್ಪನ ತಲೆಗೆ ಹೊಳೆಯದೇ ಹೋದ ಸಂಗತಿ ಇದು — ನಮ್ಮ ಕಡೆ ದೂರದ ಊರಿನಲ್ಲಿ ಯಾರಾದರೂ ತೀರಿದರೆ ಹೆಂಗಸರಿಗೆ ಮನೆಯಲ್ಲಿ ಹೇಳುವುದಿಲ್ಲ. ಒಂದು ಕಡೆ ಹೋಗುವುದಿದೆ ಎಂದಷ್ಟೇ ಹೇಳಿ ಹೊರಡಿಸುತ್ತಾರೆ, ಊರು ಹತ್ತಿರ ಬಂದ ಮೇಲೆ ಬಾಯಿ ಬಿಡುತ್ತಾರೆ. ತಿಳಿದ ಹೆಂಗಸು ಎದುರು ಪ್ರಶ್ನೆ ಕೇಳುವುದಿಲ್ಲ. ಮರುದಿನ ದೊಡ್ಡವ್ವ ಇಳಕಲ್ ಸೀರೆ ಉಟ್ಟಳು, ಚೀಲದ ತಳಕ್ಕೆ ಒಂದು ಹಳೆಯ ಸೀರೆ ತುರುಕಿದಳು. ನಾನು ನೋಡಿದೆ. ಸಾವಿನ ಮನೆಯಲ್ಲಿ ಮಿಂದು ಉಡಲಿಕ್ಕೆಂದು ನನಗೆ ಗೊತ್ತಾಯಿತು, ಆದರೂ ಸುಮ್ಮನಿದ್ದೆ.

ಯಾದಗಿರಿಯಲ್ಲಿ ರೈಲು ಹತ್ತಿದೆವು. ವಾಡಿ ದಾಟಿ ಗಾಡಿ ಹೈದರಾಬಾದಿನ ದಾರಿ ಹಿಡಿಯಿತು. ಅಪ್ಪ ಬಾಗಿಲ ಹತ್ತಿರ ಗಾಳಿಗೆ ನಿಂತಿದ್ದ. ದೊಡ್ಡವ್ವ ನನ್ನ ಮೊಣಕೈ ಹಿಡಿದಳು.

"ಖರೇ ಹೇಳು ಶಾಂತಾ. ಮಲ್ಲು ಅರಾಮ ಅದಾನಿಲ್ಲೋ?"

ಒಂದು ಮಾತು. ಅದಾನ ದೊಡ್ಡವ್ವ, ನಿನ್ನ ದಾರಿ ಕಾಯಾಕತ್ಯಾನ — ಅಷ್ಟು ಹೇಳಿದ್ದರೆ ಅಪ್ಪನ ಗುಟ್ಟು ಹಾಳಾಗುತ್ತಿತ್ತು, ಹಾಳಾದರೇನು! ನಾನು ಮುಖ ಗಂಭೀರ ಮಾಡಿ ಅಂದೆ: "ಹೋದ ಮ್ಯಾಲ ಗೊತ್ತಾಗತೈತಿ, ದೊಡ್ಡವ್ವ."

ಸಾವಿನ ಸುದ್ದಿ ಮುಚ್ಚಿಡುವಾಗ ನಮ್ಮವರು ಆಡುವ ಮಾತು ಅದೇ. ಗೊತ್ತಿದ್ದೇ ಆಡಿದೆ. ಅಷ್ಟು ಅಂಜಿದ ಮುಖ ಮಗನನ್ನು ಕಂಡ ಕ್ಷಣಕ್ಕೆ ಹೇಗೆ ಅರಳುತ್ತದೆ, ನೋಡಬೇಕಾಗಿತ್ತು ನನಗೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಹಾಗೆ. ಅವಳು ಮತ್ತೆ ಕೇಳಲಿಲ್ಲ. ಬುತ್ತಿ ಬಿಚ್ಚಿದಾಗ ಬೇಡವೆಂದಳು. ಹೆಣ ಎತ್ತುವ ತನಕ ನಮ್ಮಲ್ಲಿ ಉಣ್ಣುವುದಿಲ್ಲ. ಅವಳ ಪಾಲಿನ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ನಾನೇ ತಿಂದೆ.

ಸ್ಟುಡಿಯೋ — ಏನು ಹೇಳಲಿ, ಅಬ್ಬಾ! ಈಗಲೂ ನೆನೆದರೆ ಕಣ್ಣು ಅರಳುತ್ತದೆ, ಅರಳಿದ ಕಣ್ಣಿನ ಮೇಲೆ ನನಗೇ ಸಿಟ್ಟು ಬರುತ್ತದೆ. ಕಿಟಕಿಗಳಿಲ್ಲದ ಬಣ್ಣದ ಬಸ್ಸಿನಲ್ಲಿ ಸುತ್ತಿಸಿದರು. ಕಲ್ಲಿನ ಕಂಬವನ್ನು ಒಬ್ಬ ಆಳು ಕಂಕುಳಲ್ಲಿ ಇಟ್ಟುಕೊಂಡು ನಡೆದು ಹೋದ. ಎರಡಂತಸ್ತಿನ ವಾಡೆ ನೋಡಿ ಹಿಂದೆ ಹೋದರೆ ಬರೀ ಕಟ್ಟಿಗೆಯ ಆನಿಕೆಗಳು, ಮನೆಯೇ ಇಲ್ಲ. ಹಳಿ ಮುಗಿದು ಹೋದ ರೈಲು ನಿಲ್ದಾಣ. ಇದೆಲ್ಲ ಸಿನೆಮಾದ ಸುಳ್ಳು ಊರೆಂದು ತಿಳಿಯದ ದೊಡ್ಡವ್ವ ಅದನ್ನು ಕಂಡು ಮೆಲ್ಲಗೆ, "ಇಲ್ಲೇ ಇಳೀಬೇಕೇನವಾ?" ಎಂದಳು. ನಾನು ನಕ್ಕೆ. ಪಕ್ಕದ ಸೀಟಿನಲ್ಲಿ ಗುಲಬರ್ಗಾದ ಇಬ್ಬರು ಹುಡುಗಿಯರಿದ್ದರು, ತಂಪು ಕನ್ನಡಕ ಹಾಕಿಕೊಂಡವರು. ಆಗಷ್ಟೇ ಅವರ ಸ್ನೇಹವಾಗಿತ್ತು. ಅವರೂ ನಕ್ಕರು.

ಒಂದು ಹಳ್ಳಿಯ ಸೆಟ್ ಹತ್ತಿರ ಇಳಿಸಿದರು. ಅಪ್ಪ ಮಲ್ಲಣ್ಣನನ್ನು ಕರೆತರಲು ಬಡಗಿಗಳ ಶೆಡ್ಡಿನ ಕಡೆ ಹೋದ. ನಾವು ಒಂದು ಓಣಿಯೊಳಗೆ ತಿರುಗಿದೆವು — ಎದುರಿಗೆ ಒಂದು ಮನೆಯ ಮುಂದೆ ಸಿದಿಗೆ. ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ ಹೆಣ, ಹೂವಿನ ಹಾರ. ಶೂಟಿಂಗ್ ಇನ್ನೂ ಶುರುವಾಗಿರಲಿಲ್ಲ; ಅಳುವ ಪಾತ್ರದ ಹೆಂಗಸರು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

ನಾನು ತಿರುಗಿ ನೋಡುವಷ್ಟರಲ್ಲಿ ದೊಡ್ಡವ್ವ ಅಲ್ಲಿದ್ದಳು. ಸಿದಿಗೆಯ ಪಕ್ಕ ಕುಸಿದು, ಎದೆ ಬಡಿದುಕೊಂಡು ದನಿ ಎತ್ತಿದಳು.

"ಬಾಗಿಲಾ ಮಾಡಿ ಕೊಡತೀನಂದಿದ್ಯಲ್ಲೋ ಮಲ್ಲೂ... ಅವ್ವಗ ಹೊಸಾ ಬಾಗಿಲಾ ಅಂದಿದ್ಯಲ್ಲೋ... ಕಟಗಿ ಕೆತ್ತೋ ಕೈ ಎಲ್ಲಿಟ್ಟಿಯೋ ನನ್ನಪ್ಪಾ..."

ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟರು. ಯಾರೋ ಕಿಸಕ್ಕನೆ ನಕ್ಕರು, ಯಾರೋ ಫೋಟೋ ತೆಗೆದರು. ಓಡಿ ಹೋಗಿ ಅವಳನ್ನು ತಬ್ಬಿಕೊಳ್ಳಬೇಕಿತ್ತು. ನಾನು ನಿಂತು ನೋಡಿದೆ. ಮುಂದೇನು ಹಾಡುತ್ತಾಳೋ ಎಂದು — ದೇವರಾಣೆ, ಕೇಳುತ್ತಾ ನಿಂತೆ.

ನಮ್ಮ ಬಸ್ಸಿನ ಗೈಡ್ ರಾಯಚೂರು ಕಡೆಯ ಹುಡುಗ. ಗಾಬರಿಯಾಗಿ ಬಂದು, "ಈ ಅಮ್ಮಾರು ಯಾರ ಕಡ್ಯಾವ್ರ‍್ರಿ? ನಿಮ್ಮಾರೇನು?" ಎಂದು ನನ್ನನ್ನೇ ಕೇಳಿದ. ಆ ಹುಡುಗಿಯರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಈಕಿ ನಮ್ಮಾಕಿ ಅಲ್ರಿ" ಎಂದೆ.

ದನಿ ನಿಂತಿತು. ಹಾಡಿನ ನಡುವೆ, ಮಾತಿನ ನಡುವೆ. ದೊಡ್ಡವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಅಷ್ಟೊತ್ತಿಗೆ ಅವಳ ಕೈ ಬಟ್ಟೆಯ ಕೆಳಗಿನ ಕಾಲು ಮುಟ್ಟಿತ್ತು — ರಬ್ಬರಿನ ಕಾಲು. ಗೊಂಬೆಯೆಂದು ತಿಳಿದು ನಿಲ್ಲಿಸಿದಳೋ, ನನ್ನ ಮಾತು ಕೇಳಿ ನಿಲ್ಲಿಸಿದಳೋ? ಎಷ್ಟೋ ವರ್ಷ ಈ ಅನುಮಾನವನ್ನೇ ತಲೆದಿಂಬು ಮಾಡಿಕೊಂಡು ನಿದ್ದೆ ಮಾಡಿದ್ದೇನೆ. ಅವಳು ಸರಿದಿದ್ದ ಬಟ್ಟೆಯನ್ನು ಗೊಂಬೆಯ ಕಾಲ ಮೇಲೆ ನೀಟಾಗಿ ಎಳೆದು ಎದ್ದಳು.

ಅಪ್ಪ ಮಲ್ಲಣ್ಣನನ್ನು ಕರೆತಂದ, ತಲೆಯ ತುಂಬ ಕಟ್ಟಿಗೆಯ ಹೊಟ್ಟು. ದೊಡ್ಡವ್ವ ಅವನ ಗದ್ದ ಹಿಡಿದಳು, ನೆತ್ತಿ ಮೂಸಿದಳು, ಬೆನ್ನಿಗೊಂದು ಗುದ್ದಿದಳು. ನಾನು ನೋಡಬೇಕೆಂದಿದ್ದ ಮುಖ ಅದೇ. ನೋಡಲಾಗಲಿಲ್ಲ ನನಗೆ. ಆಮೇಲೆ ಅವಳು ನನ್ನ ಕಡೆ ಕೈ ಚಾಚಿ, "ಹಸಿವ್ಯಾಗೈತಿ. ರೊಟ್ಟಿ ಕೊಡವಾ" ಎಂದಳು. ಬುತ್ತಿಯ ಬಟ್ಟೆಯಲ್ಲಿ ಚೂರುಗಳಷ್ಟೇ ಇದ್ದವು.

ಊರಿನಲ್ಲಿ ಇದೊಂದು ನಗೆಯ ಮಾತಾಯಿತು: ನೀಲವ್ವ ಗೊಂಬೆಗೆ ಅತ್ತಳು. ಎಲ್ಲರಿಗಿಂತ ರಸವತ್ತಾಗಿ ಹೇಳುತ್ತಿದ್ದವಳು ನಾನೇ. ಮಗನೇ ಸತ್ತನೆಂದು ತಿಳಿದು ಅತ್ತಳೆಂಬುದನ್ನು ಹೇಳಲಿಲ್ಲ. ಮಲ್ಲು ಎಂದು ಕೂಗಿದ್ದನ್ನು ಬಿಟ್ಟೆ, ನನ್ನ ಮೂರು ಮಾತು ಬಿಟ್ಟೆ. ಅವಳೂ ಬಾಯಿ ಬಿಡಲಿಲ್ಲ. ಎಂದಿನಂತೆ ನನ್ನ ತಲೆ ಬಾಚಿ ಹೆಣೆದಳು. ಸಾವಿನ ಮನೆಗಳಿಗೆ ಹೋದರೆ ಮಾತ್ರ ಸುಮ್ಮನೆ ಮೂಲೆಯಲ್ಲಿ ಕೂತು ಬರುತ್ತಿದ್ದಳು.

ಎಷ್ಟೋ ವರ್ಷಗಳಾದ ಮೇಲೆ ಅಪ್ಪ ಹೋದ. ಅವಳೇ ಎರೆದು ಬೆಳೆಸಿದ ಮೈದುನ. ಎಲ್ಲರೂ ಕಾದರು. "ಎತ್ತು ನೀಲವ್ವ, ದನಿ ಎತ್ತು" ಎಂದು ಹೆಂಗಸರು ಭುಜ ಅಲುಗಿಸಿದರು. ನಾನು ಹಿಂದೆಯೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ.

"ಬ್ಯಾಡ ಬಿಡ್ರೆವಾ," ಎಂದಳು ಮೆಲ್ಲಗೆ. "ನಾ ಅತ್ತರ ನಮ್ಮಾರಿಗೇ ನಾಚಿಕಿ ಆಗತೈತಿ."

ನನ್ನ ಅನುಮಾನ ಅಲ್ಲಿಗೆ ತೀರಿತು. ಗೊಂಬೆಗೆ ಅತ್ತವಳು ಮೈದುನನಿಗೆ ಅಳಲಿಲ್ಲ ಎಂದು ಊರೆಲ್ಲ ಆಡಿಕೊಂಡಿತು. ಕಾಕಾ ಅಂದರೆ ಜೀವ ಬಿಡುತ್ತಿದ್ದ ಮಲ್ಲಣ್ಣ ಅವ್ವನ ಜೊತೆ ಬಹಳ ದಿನ ಮಾತು ಬಿಟ್ಟ. "ಅವ್ವ ಯಾಕ ಹಂಗ ಮಾಡಿದ್ಳು ತಂಗಿ?" ಎಂದು ನನ್ನನ್ನೇ ಕೇಳಿದ. "ವಯಸ್ಸಾತಲ್ಲ ಅಣ್ಣ" ಎಂದೆ. ಒಂದೇ ಮಾತಿನಿಂದ ತಾಯಿ ಮಗನನ್ನು ಕೂಡಿಸಬಹುದಿತ್ತು. ಆಗಲೂ ನಾನು ನನ್ನ ಮುಖವನ್ನೇ ಕಾಯ್ದುಕೊಂಡೆ.

ಹೋದ ವರ್ಷ ದೊಡ್ಡವ್ವ ಶಹಾಪುರದಲ್ಲಿ ತೀರಿಕೊಂಡಳು. ಮಲ್ಲಣ್ಣ ಊರ ಕಡೆ ಬಂದು ಅಲ್ಲಿ ಬಡಗಿ ಅಂಗಡಿ ಹಾಕಿದ್ದಾನೆ. ಅವನೇ ಮಾಡಿದ ಬಾಗಿಲ ಮುಂದೆ ಮಲಗಿಸಿದ್ದರು. ದನಿ ಎತ್ತುವವರು ಯಾರೂ ಇರಲಿಲ್ಲ. ಈಗಿನ ಹೆಣ್ಣುಮಕ್ಕಳಿಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ಕಾಲ ಹತ್ತಿರ ಕುಳಿತೆ. ಹಾಡಬೇಕೆಂದು ಬಾಯಿ ತೆರೆದೆ. ಬಂದದ್ದು ಇಷ್ಟೇ — "ಈಕಿ ನಮ್ಮಾಕಿ... ಈಕಿ ನಮ್ಮಾಕಿ..."

ಮಲ್ಲಣ್ಣ ಬಂದು ಬೆನ್ನ ಮೇಲೆ ಕೈ ಇಟ್ಟ. "ನಮ್ಮಾಕಿನ ಅದಾಳಲ್ಲ ತಂಗಿ. ಯಾರ ಅಲ್ಲ ಅಂದಾರ?"

ಅವನು ಕೊಟ್ಟ ನೀರು ಕುಡಿದೆ. ಅವನಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಾ ಅಂದೀನಿ, ಮಲ್ಲಣ್ಣ. ನಾನ ಅಂದೀನಿ.