ಶಿವದೇವಿಗಾಗಿ ಹಾಡಿದ ಒಂದು ಸುತ್ತು

ಹೊಸ ಧ್ವನಿಮುದ್ರಿಕೆ ಕೈಗೆ ಬಂತೆಂದರೆ ಅಮರೇಶಪ್ಪನವರು ಪೂಜೆಗೆ ಕೂತವರಂತೆ ಆಗಿಬಿಡುತ್ತಿದ್ದರು. ಫೋನು ಬಂದ್, ಮಿಕ್ಸರ್ ಬಂದ್, ಮನೆಯಲ್ಲಿ ಮಾತೂ ಬಂದ್. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಮಾಲಿನ ಗುಣ ಪರೀಕ್ಷಿಸುತ್ತಲೇ ತಲೆ ನರೆಸಿಕೊಂಡ ಮನುಷ್ಯ. ನಿವೃತ್ತಿಯಾದ ಮೇಲೆ ಕನ್ನಡ ಸಂಘದ ಮಾಸಿಕಕ್ಕೆ ಹಿಂದೂಸ್ತಾನಿ ಗಾಯನದ ಮುದ್ರಿಕೆಗಳ ವಿಮರ್ಶೆ ಬರೆಯುವಾಗಲೂ ಅದೇ ಕಣ್ಣು. ಹೊಗಳಿಕೆ ಗುಲಗಂಜಿಯಷ್ಟು, ತೆಗಳಿಕೆ ಬೊಗಸೆಯಷ್ಟು. ವಿಮರ್ಶೆಯಲ್ಲಿ ಮನೆಯ ಸುದ್ದಿ ಬರಬಾರದು ಎಂಬುದು ಅವರ ಹಟ. 'ನಾನು' ಎಂಬ ಶಬ್ದಕ್ಕೂ ಅಲ್ಲಿ ಪ್ರವೇಶವಿರಲಿಲ್ಲ.

ಈ ಸಲ ಬಂದದ್ದು ಹೆಸರಾಂತ ಗಾಯಕ ಕೇದಾರಬುವಾ ಅವರ ಬೈಠಕ್. ಮೂವತ್ತು ವರ್ಷದ ಹಿಂದೆ ಲಿಂಗಂಪಲ್ಲಿಯಲ್ಲಿ, ಸ್ನೇಹಿತರೊಬ್ಬರ ಪಡಸಾಲೆಯಲ್ಲಿ ನಡೆದದ್ದು. ಆಗ ಕ್ಯಾಸೆಟ್ಟಾಗಿ ಬಂದಿತ್ತು. ಈಗ ಗದ್ದಲವನ್ನೆಲ್ಲ ಕಂಪ್ಯೂಟರಿನಲ್ಲಿ ತೊಳೆದು ಮತ್ತೆ ಹೊರತಂದಿದ್ದರು. ಅಂದು ಆ ಜಮಖಾನೆಯ ಮೇಲೆ ಅಮರೇಶಪ್ಪನವರೂ ಇದ್ದರು, ಪಕ್ಕದಲ್ಲಿ ಹೆಂಡತಿ ಶಿವದೇವಿ. ಕೇಳುವವರಿಗೂ ಒಂದು ರಿವಾಜು ಉಂಟಲ್ಲ? ತಾಳ ಒಂದು ಸುತ್ತು ತಿರುಗಿ, ಗಾಯಕ ಅದರ ಮೊದಲ ಪೆಟ್ಟಿಗೆ, ಅಂದರೆ ಸಮ್‌ಗೆ, ಬಂದಿಳಿದ ಮೇಲೆ 'ಆಹಾ' ಅನ್ನಬೇಕು. ಶಿವದೇವಿಗೆ ಅಷ್ಟು ತಾಳ್ಮೆ ಎಲ್ಲಿಯದು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಹೆಣ್ಣು. ಬುವಾ ಇನ್ನೂ ಇಳಿಯುತ್ತಿರುವಾಗಲೇ "ಆಹಾ!" ಎಂದು ಕೂಗಿಬಿಟ್ಟಳು. ಎಲ್ಲರೂ ತಿರುಗಿ ನೋಡಿದರು. ಬುವಾ ನಕ್ಕು, ಬೇಕೆಂದೇ ಸಮ್ ತಪ್ಪಿಸಿ, ಆಕೆಗಾಗಿ ಇನ್ನೊಂದು ಸುತ್ತು ಹಾಕಿ ಬಂದರು.

"ನಾಕ ಮಂದ್ಯಾಗ ಮಾನ ತಗದಿ," ಎಂದು ಅಮರೇಶಪ್ಪ ಬಸ್ಸಿನುದ್ದಕ್ಕೂ ಬೈದಿದ್ದರು.

"ಭಾಳ ಚಲೋ ಅನಿಸ್ತು, ಮುಂಚೆನ ಅನಿಸ್ತು. ನಾ ಏನ್ ಮಾಡ್ಲಿರಿ?" ಎಂದಿದ್ದಳು ಶಿವದೇವಿ.

ಆಕೆ ಹೋಗಿ ನಾಲ್ಕು ವರ್ಷ. ಆಕೆಯ ಪ್ರಾಯದ ದನಿ ಉಳಿದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಹೋದ ಮಳೆಗಾಲದಲ್ಲಿ ಅದಕ್ಕೂ ಬೂಷ್ಟು ಹಿಡಿದು ಟೇಪು ಹರಿದಿತ್ತು. ಆ ಒಂದು 'ಆಹಾ' ಮತ್ತೆ ಕೇಳಬೇಕೆಂದೇ ಅಮರೇಶಪ್ಪ ಈ ಮುದ್ರಿಕೆಗೆ ಚಾತಕಪಕ್ಷಿಯಂತೆ ಕಾದಿದ್ದರು.

ಮಣಿಕೊಂಡದ ಮನೆಯಲ್ಲಿ ಮಗಳು ಐಶ್ವರ್ಯಾ ಸ್ಪೀಕರ್ ಹಚ್ಚಿದಳು. ಆ ಜಾಗ ಹತ್ತಿರ ಬಂತು. ಅಮರೇಶಪ್ಪ ಉಸಿರು ಬಿಗಿಹಿಡಿದು ಕೂತರು. ಜಾಗ ದಾಟಿಯೂ ಹೋಯಿತು. ಕೆಮ್ಮು, ರೈಲಿನ ಸೀಟಿಗಳ ಜೊತೆ ಶಿವದೇವಿಯನ್ನೂ ತೊಳೆದುಹಾಕಿದ್ದರು. ಆಕೆ ಎರಡನೇ ಸಲ ಹೋದಂತಾಯಿತು.

"ಅಪ್ಪಾ, ಬುವಾ ಇಲ್ಲಿ ಸಮ್ ತಪ್ಪಿದ್ರಲ್ಲ?" ಎಂದಳು ಐಶ್ವರ್ಯಾ. "ಅಷ್ಟ್ ದೊಡ್ಡ ಗವಾಯಿ!"

"ಅವ್ರು ತಪ್ಪಿಲ್ಲವ್ವಾ," ಅಮರೇಶಪ್ಪ ಕಣ್ಣೊರೆಸಿಕೊಂಡರು. "ನಿಮ್ಮವ್ವ ಅವಸರ ಮಾಡಿದ್ಲು. ಆಕಿ ಸಲುವಾಗಿ ಒಂದ್ ಸುತ್ತು ಹೆಚ್ಚಿಗಿ ಹಾಡ್ಯಾರ."

ಹೇಳುತ್ತಿದ್ದಂತೆ ಅವರಿಗೇ ಹೊಳೆಯಿತು. ದನಿ ತೊಳೆದವರಿಗೆ ಆ ಸುತ್ತನ್ನು ತೊಳೆಯಲು ಆಗಿರಲಿಲ್ಲ.

"ಹಂಗಾರ ಅದನ್ನ ಬರೀರಿ. ಇಲ್ಲಾಂದ್ರ ಕೇಳಿದವ್ರೆಲ್ಲಾ ಬುವಾನ ತಪ್ಪು ಅಂತಾರ."

"ಬರೀತೀನಿ. ನನ್ನ ಹೆಂಡತಿ ಅಂತನ ಬರೀತೀನಿ. ನೀ ಇನ್ನೊಮ್ಮೆ ಹಚ್ಚು."

ಬುವಾ ಮತ್ತೆ ಸಮ್‌ನ ಕಡೆಗೆ ಇಳಿಯತೊಡಗಿದರು. ಜನ್ಮದಲ್ಲಿ ಎಂದೂ ರಿವಾಜು ಮೀರದ ಅಮರೇಶಪ್ಪ ಒಂದು ಗಳಿಗೆ ಮುಂಚೆಯೇ "ಆಹಾ!" ಎಂದು ಕೂಗಿದರು. ಬುವಾ ಸಮ್ ತಪ್ಪಿಸಿ ಇನ್ನೊಂದು ಸುತ್ತು ಹೊರಟರು.