ಮುಟ್ಟಬಾರದಿದ್ದ ಮದ್ದಳೆ

ಕಬ್ಬಿಣದ ಕಿಟ್ಟದ ಪುಡಿಯನ್ನು ಅನ್ನದ ಜೊತೆ ನಾದುವಾಗ ಒಂದು ವಾಸನೆ ಬರುತ್ತದೆ, ತುಕ್ಕಿನದೂ ಹಳಸಿದ ಗಂಜಿಯದೂ ಸೇರಿದ್ದು. ಮದ್ದಳೆಯ ಚರ್ಮದ ಮುಚ್ಚಿಗೆಗೆ ಕಪ್ಪು ಕರಣೆ ಹಾಕುವುದು ಇದರಿಂದಲೇ. ಕೊಪ್ಪದಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದ ನನಗೆ ಆ ವಾಸನೆ ಗೊತ್ತೇ ಆಗುತ್ತಿರಲಿಲ್ಲ. ಈಚೆಗೆ ಗೊತ್ತಾಗುತ್ತದೆ. ಆಗೆಲ್ಲ ಆ ಲೆಕ್ಚರರ್ ಹುಡುಗ ನೆನಪಾಗುತ್ತಾನೆ...

ಇಲ್ಲಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಲು ಮುತ್ತಿನಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದ. ಬಡಿದ ಚರ್ಮ ಹೇಗೆ ನಡುಗುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡಿದ್ದನಂತೆ. ಅದಕ್ಕೂ ಡಾಕ್ಟರ್ ಪದವಿ ಕೊಡುವುದಾದರೆ ನನಗೆ ಎರಡಾದರೂ ಬರಬೇಕಿತ್ತು ಎಂದು ತಮಾಷೆ ಮಾಡಿದ್ದೆ. ಅವನು ನಗಲಿಲ್ಲ, ಹೌದೆಂದು ತಲೆಯಾಡಿಸಿದ. ಶನಿವಾರ ನನ್ನಲ್ಲಿ ಮದ್ದಳೆ ಕಲಿಯುತ್ತಿದ್ದ. ಕೈ ಅಷ್ಟೇನೂ ಚುರುಕಲ್ಲ, ಕಿವಿ ಮಾತ್ರ ಬಲು ಸೂಕ್ಷ್ಮ. ಭಾನುವಾರ ಸಿರಿಮನೆಗೆ ಹೋಗಿ ಅಬ್ಬಿ ಧುಮ್ಮಿಕ್ಕುವ ಸದ್ದನ್ನು ಫೋನಿಗೆ ತುಂಬಿಕೊಂಡು ಬರುತ್ತಿದ್ದ. ನಮ್ಮ ವಾದ್ಯಗಳಿಗೇ ಒಂದು ಪ್ರಯೋಗಾಲಯ ಕಟ್ಟಬೇಕೆಂಬುದು ಅವನ ಆಸೆ. ಅದಕ್ಕೆ ಮೊದಲು ದೊಡ್ಡ ಸಂಸ್ಥೆಯೊಂದರಲ್ಲಿ ಸಂಶೋಧಕನ ಕೆಲಸ ಸಿಗಬೇಕು. ಸಂದರ್ಶನಕ್ಕೆ ಹೋಗುವಾಗ ಹೊಸದೇನಾದರೂ ಮಾಡಿ ತೋರಿಸಬೇಕು.

ಮಳೆಗಾಲದ ತೇವಕ್ಕೆ ಕರಣೆಯ ನಾದ ವಾರವಾರಕ್ಕೂ ಎಷ್ಟು ಬದಲಾಗುತ್ತದೆಂದು ಅಳೆಯಲು ನನ್ನದೊಂದು ಮದ್ದಳೆಯನ್ನು ಆರಿಸಿಕೊಂಡ.

"ಗುರುಗಳೇ, ಶ್ರುತಿ ಇಳಿದ್ರೆ ಇಳೀಲಿ. ದೀಪಾವಳಿವರೆಗೆ ಇದನ್ನ ಮುಟ್ಬೇಡಿ."

"ನಾ ಎಂತಕ್ಕೆ ಮುಟ್ಲಿ ಮಾರಾಯ," ಎಂದೆ.

ಪ್ರತಿ ಶನಿವಾರ ಪಾಠಕ್ಕೆ ಮೊದಲು ಅದರ ಮೇಲೆ ಒಂದೇ ಪೆಟ್ಟು ಹೊಡೆದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ನವರಾತ್ರಿಯ ಹೊತ್ತಿಗೆ ಕರಣೆ ಬಿರುಕು ಬಿಟ್ಟು, ಮದ್ದಳೆಗೆ ನೆಗಡಿಯಾದಂತಿತ್ತು. ಕೆಟ್ಟದ್ದು ಕಂಡರೆ ಸರಿಮಾಡುವ ಹುಟ್ಟುಗುಣ ನನ್ನದು, ಸುಟ್ಟರೂ ಹೋಗದು. ಶೃಂಗೇರಿಯ ತಾಳಮದ್ದಳೆಗೆಂದು ಬೇರೊಂದನ್ನು ಸರಿಮಾಡಲು ಕೂತವನು, ಹಿಟ್ಟು ಉಳಿಯಿತೆಂದು ಇದನ್ನೂ ಎಳೆದುಕೊಂಡೆ. ಹಳೆಯ ಕರಣೆ ಕೆರೆದು, ಪದರ ಪದರವಾಗಿ ಹೊಸದು ಹಾಕಿ, ಕಲ್ಲಿನಿಂದ ತಿಕ್ಕಿ ನಾದ ಕೂರಿಸಿದ ಮೇಲೆ ಅವನ ಮಾತು ನೆನಪಾಯಿತು.

ಶನಿವಾರ ಬಂದವನು ಒಂದು ಪೆಟ್ಟು ಹೊಡೆದ. ರೆಕಾರ್ಡ್ ಮಾಡದೆ ಫೋನನ್ನು ಜೇಬಿಗಿಟ್ಟ. "ನಾದ ಚೆನ್ನಾಗಿ ಕೂತಿದೆ ಗುರುಗಳೇ," ಎಂದ. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಗುರು ಎನಿಸಿಕೊಂಡವನ ಹಮ್ಮು, ಮತ್ತೇನು...

ಸಂದರ್ಶನದಲ್ಲಿ ತೋರಿಸಲು ಏನೂ ಉಳಿಯದೆ, ಆ ಸಂಶೋಧಕನ ಕೆಲಸ ಅವನಿಗೆ ಸಿಗಲಿಲ್ಲ. ಕಾಲೇಜು ಬಿಟ್ಟು ನರಸಿಂಹರಾಜಪುರದಲ್ಲಿ ಟ್ಯೂಷನ್ ಹೇಳತೊಡಗಿದ. ಶನಿವಾರ ನನ್ನಲ್ಲಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಮುಂದಿನ ಮಳೆಗಾಲಕ್ಕೆ ಮತ್ತೆ ಶುರು ಮಾಡುವ ಎನ್ನುತ್ತಿದ್ದ. ಆ ಮಳೆಗಾಲಕ್ಕೆ ಮುಂಚೆಯೇ, ಮಿದುಳಿಗೇರಿದ ಜ್ವರದಲ್ಲಿ ಹೋಗಿಬಿಟ್ಟ. ಮೂವತ್ತೂ ತುಂಬಿರಲಿಲ್ಲ.

ಹೋದ ವಾರ, ಅವನಿಗೆ ಪಿಎಚ್.ಡಿ. ಮಾಡಿಸಿದ ಮೇಡಂ ಶೃಂಗೇರಿಗೆ ಬಂದವರು ನನ್ನನ್ನು ಹುಡುಕಿಕೊಂಡು ಬಂದರು. ಅರ್ಧಕ್ಕೆ ನಿಂತ ಅವನ ಕೆಲಸದ ಮಾತು ಬಂತು.

"'ಮದ್ದಳೇನ ಮಳೇಲಿ ಬಿಟ್ಟು ಮರೆತೆ ಮೇಡಂ, ಹಾಳಾಯ್ತು' ಅಂದ. ಇಷ್ಟು ಅಸಡ್ಡೆ ಇರೋನಿಗೆ ಸಂಶೋಧನೆ ಯಾಕೆ ಅಂತ ಬಾಯಿಗೆ ಬಂದ ಹಾಗೆ ಬೈದಿದ್ದೆ," ಎಂದು ಕಣ್ಣೊರೆಸಿಕೊಂಡರು.

"ಅವ ಮರೀಲಿಲ್ಲ ಮೇಡಂ. ಮರೆತದ್ದು ನಾನು," ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಅವರು ನನ್ನನ್ನು ಬೈಯಲಿಲ್ಲ. ವಯಸ್ಸಾದವನೆಂದೋ ಏನೋ, ಕೈಮುಗಿದು ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅವನು ತಿಂದ ಬೈಗುಳವಾದರೂ ನನ್ನ ಪಾಲಿಗೆ ಬರಬೇಕಿತ್ತು.